ಎನ್‌ಕ್ರಿಪ್ಷನ್ ಮೇಲೆ ಪೇಟೆಂಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೆಸೇಜ್ ಕಳಿಸುವಾಗ, ಬ್ಯಾಂಕಿನ ಪುಟ ತೆರೆಯುವಾಗ, ಪಾಸ್‌ವರ್ಡ್ ಹಾಕುವಾಗ ನಮ್ಮ ಮಾತನ್ನು ಕಾಯುವುದು ಎನ್‌ಕ್ರಿಪ್ಷನ್. ಅದು ಪುಕ್ಕಟೆ ಸಿಗುತ್ತದೆ, ಯಾರು ಬೇಕಾದರೂ ಬಳಸಬಹುದು ಅಂತ ಇವತ್ತು ಎಲ್ಲರೂ ಅಂದುಕೊಂಡಿದ್ದೇವೆ. ಮೊದಲು ಹೀಗಿರಲಿಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಪೇಟೆಂಟ್‌ಗಳಿಂದ ಜನ ಕಳೆದುಕೊಂಡಿದ್ದರಲ್ಲಿ ದುಡ್ಡಿಗಿಂತ ಕಾಲವೇ ಜಾಸ್ತಿ. ಒಳ್ಳೆಯ ಬೀಗ ಹೇಗೆ ಮಾಡಬೇಕು ಅಂತ ಗೊತ್ತಿದ್ದೂ ಅದು ಸಾಮಾನ್ಯರ ಕೈಗೆ ಹತ್ತು, ಇಪ್ಪತ್ತು ವರ್ಷ ತಡವಾಗಿ ಬಂತು.

## ಎನ್‌ಕ್ರಿಪ್ಷನ್ ಅಂದರೆ ಗಣಿತ ಅಲ್ವಾ? ಗಣಿತಕ್ಕೆ ಪೇಟೆಂಟ್ ಹೇಗೆ ಸಿಕ್ಕಿತು?

ಗಣಿತವೇ. ಬರೀ ಸೂತ್ರಕ್ಕೆ ಪೇಟೆಂಟ್ ಕೊಡುವ ಹಾಗಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1972ರಲ್ಲೇ, ಬೆನ್ಸನ್ ಕೇಸಿನಲ್ಲಿ ಹೇಳಿತ್ತು. ಆದರೆ ಅದೇ ಸೂತ್ರಕ್ಕೆ ಯಂತ್ರದ ಅಂಗಿ ತೊಡಿಸಿದರೆ ದಾರಿ ಸಿಗುತ್ತಿತ್ತು.

ಆರ್‌ಎಸ್‌ಎ ಅನ್ನುವ ಎನ್‌ಕ್ರಿಪ್ಷನ್ ವಿಧಾನದ ಪೇಟೆಂಟನ್ನೇ ನೋಡಿ. ಅದರ ಮೊದಲ ಹಕ್ಕು, ಅಂದರೆ ಏನು ತಮ್ಮದು ಅಂತ ಹೇಳುವ ಸಾಲು, ಶುರುವಾಗುವುದು ಒಂದು ಸಂಪರ್ಕದ ಮಾರ್ಗದಿಂದ. ಅದಕ್ಕೆ ಜೋಡಿಸಿದ ಎನ್‌ಕೋಡ್ ಮಾಡುವ ಸಾಧನ ಒಂದು, ಡಿಕೋಡ್ ಮಾಡುವ ಸಾಧನ ಇನ್ನೊಂದು. ಓದಿದರೆ ತಂತಿ, ಪೆಟ್ಟಿಗೆ ಇರುವ ಉಪಕರಣ ಕಣ್ಣ ಮುಂದೆ ಬರುತ್ತದೆ. ಆ ಪೆಟ್ಟಿಗೆಯ ಒಳಗೆ ಏನು ನಡೆಯುತ್ತದೆ ಅಂತ ಒಂದು ಪುಟ್ಟ ಉದಾಹರಣೆಯಲ್ಲಿ ಮಾಡಿಯೇ ನೋಡೋಣ.

3 ಮತ್ತು 11, ಎರಡು ಅವಿಭಾಜ್ಯ ಸಂಖ್ಯೆ. ಗುಣಿಸಿದರೆ 33. ನಾನು ಎಲ್ಲರಿಗೂ 33 ಮತ್ತು 3 ಅನ್ನುವ ಜೋಡಿಯನ್ನು ಹೇಳುತ್ತೇನೆ, 7 ಅನ್ನುವುದನ್ನು ಗುಟ್ಟಾಗಿ ಇಟ್ಟುಕೊಳ್ಳುತ್ತೇನೆ. ನೀವು ನನಗೆ 4 ಅನ್ನುವ ಸಂದೇಶ ಕಳಿಸಬೇಕು. 4ನ್ನು ಮೂರು ಸಲ ಗುಣಿಸಿ, ಅಂದರೆ 4×4×4: 64. ಅದನ್ನು 33ರಿಂದ ಭಾಗಿಸಿ: ಶೇಷ 31. ನೀವು 31 ಅಂತ ಕಳಿಸುತ್ತೀರಿ. ನಾನು 31ನ್ನು ಏಳು ಸಲ ಗುಣಿಸುತ್ತೇನೆ: 27512614111. ಅದನ್ನು 33ರಿಂದ ಭಾಗಿಸಿದರೆ ಶೇಷ 4. ನಿಮ್ಮ ಸಂದೇಶ ಸಿಕ್ಕಿತು. ನಿಜವಾದ ಬಳಕೆಯಲ್ಲಿ ಸಂಖ್ಯೆಗಳು ನೂರಾರು ಅಂಕಿಗಳಷ್ಟು ಉದ್ದ ಇರುತ್ತವೆ, ಜೊತೆಗೆ ಇನ್ನೂ ಕೆಲವು ಮುಂಜಾಗ್ರತೆ ಇರುತ್ತದೆ. ಲೆಕ್ಕದ ಹೂರಣ ಮಾತ್ರ ಇಷ್ಟೇ. ಅದನ್ನು ಕಂಡುಹಿಡಿದದ್ದು ಅದ್ಭುತ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪೇಟೆಂಟ್ ಜೀವಂತ ಇದ್ದ 17 ವರ್ಷ, ಅಮೆರಿಕದಲ್ಲಿ ಈ ಲೆಕ್ಕ ಮಾಡುವ ಪ್ರೋಗ್ರಾಮನ್ನು ಸ್ವಂತವಾಗಿ ಬರೆದು ಹಂಚುವವರೂ ಅನುಮತಿ ಕೇಳಬೇಕಿತ್ತು.

## ಕಾಪಿರೈಟ್‌ಗೂ ಪೇಟೆಂಟ್‌ಗೂ ಏನು ವ್ಯತ್ಯಾಸ?

ಕಾಪಿರೈಟ್ ಇರುವುದು ಬರೆದ ಕೋಡಿಗೆ. ನೀವು ಅದೇ ಕೆಲಸ ಮಾಡುವ ಕೋಡನ್ನು ನಿಮ್ಮದೇ ರೀತಿಯಲ್ಲಿ ಬರೆದರೆ ತೊಂದರೆ ಇಲ್ಲ. ಪೇಟೆಂಟ್ ಇರುವುದು ವಿಧಾನಕ್ಕೆ. ನೀವೇ ಬರೆದಿರಬಹುದು, ಇನ್ನೊಬ್ಬರ ಕೋಡನ್ನು ಕಣ್ಣಿನಿಂದಲೂ ನೋಡದೆ ಇರಬಹುದು, ಆ ವಿಧಾನ ನಿಮಗೆ ಸ್ವಂತವಾಗಿ ಹೊಳೆದಿರಬಹುದು. ಆದರೂ ಪೇಟೆಂಟ್ ಉಲ್ಲಂಘನೆಯೇ.

ಸ್ವಂತವಾಗಿ ಹೊಳೆಯುವುದು ಬರೀ ಕಲ್ಪನೆಯ ಮಾತಲ್ಲ. ಆರ್‌ಎಸ್‌ಎ ಹುಟ್ಟಿದ್ದು 1977ರಲ್ಲಿ. ಬ್ರಿಟನ್ನಿನ ಗುಪ್ತಚರ ಸಂಸ್ಥೆ ಜಿಸಿಎಚ್‌ಕ್ಯೂದಲ್ಲಿ ಕ್ಲಿಫರ್ಡ್ ಕಾಕ್ಸ್ 1973ರಲ್ಲೇ ಹೆಚ್ಚುಕಡಿಮೆ ಅದೇ ಲೆಕ್ಕ ಕಂಡುಕೊಂಡಿದ್ದರು. ಸರಕಾರ ಅದನ್ನು ಗುಟ್ಟಾಗಿ ಇಟ್ಟಿದ್ದರಿಂದ 1997ರವರೆಗೆ ಹೊರಜಗತ್ತಿಗೆ ಗೊತ್ತೇ ಆಗಲಿಲ್ಲ.

## ಬೇರೆ ಸಾಫ್ಟ್‌ವೇರ್‌ಗಿಂತ ಎನ್‌ಕ್ರಿಪ್ಷನ್‌ಗೆ ಪೇಟೆಂಟ್ ಬಿಸಿ ಜಾಸ್ತಿ ತಟ್ಟುವುದು ಯಾಕೆ?

ಬೀಗ ಒಂದು ಕಡೆ, ಕೀಲಿ ಇನ್ನೊಂದು ಕಡೆ ಇರುವುದರಿಂದ. ಚಿತ್ರ ತಿದ್ದುವ ಪ್ರೋಗ್ರಾಮಿನಲ್ಲಿ ಒಂದು ಸೌಲಭ್ಯಕ್ಕೆ ಪೇಟೆಂಟ್ ಇದ್ದರೆ ಅದನ್ನು ಬಿಟ್ಟು ಬೇರೆ ಹಾಕಿಕೊಳ್ಳಬಹುದು. ನನ್ನ ಚಿತ್ರ ನಿಮ್ಮ ಹತ್ತಿರವೂ ತೆರೆಯುತ್ತದೆ. ಎನ್‌ಕ್ರಿಪ್ಷನ್ ಹಾಗಲ್ಲ. ಕಳಿಸುವವರೂ ಪಡೆಯುವವರೂ ಒಂದೇ ವಿಧಾನ ಬಳಸಬೇಕು. ಒಬ್ಬರ ದೇಶದಲ್ಲಿ ಅದಕ್ಕೆ ಅಡ್ಡಿ ಇದ್ದರೆ ಇಬ್ಬರಿಗೂ ಅಡ್ಡಿ ಇದ್ದ ಹಾಗೆಯೇ.

ಇನ್ನೊಂದು ಕಾರಣ, ನಂಬಿಕೆಯದ್ದು. ಯಾರು ಬೇಕಾದರೂ ತೆರೆದು ನೋಡಿ ಪರೀಕ್ಷಿಸಬಹುದಾದ ಬೀಗವೇ ಒಳ್ಳೆಯ ಬೀಗ. ಅಂಥ ಪರೀಕ್ಷೆ ಚೆನ್ನಾಗಿ ನಡೆಯುವುದು ಓಪನ್ ಸೋರ್ಸ್, ಅಂದರೆ ಕೋಡನ್ನು ಎಲ್ಲರಿಗೂ ತೆರೆದಿಟ್ಟ ಪ್ರೋಗ್ರಾಮುಗಳಲ್ಲಿ. ಆದರೆ ಪ್ರತಿಯೊಂದಕ್ಕೆ ಇಷ್ಟು ಅಂತ ರಾಯಲ್ಟಿ ಕಟ್ಟಲು ಅವುಗಳಿಂದ ಸಾಧ್ಯವೇ ಇಲ್ಲ. ಎಷ್ಟು ಪ್ರತಿ ಇಳಿಸಿಕೊಂಡರು, ಯಾರು ಯಾರಿಗೆ ಕೊಟ್ಟರು ಅಂತ ಲೆಕ್ಕ ಇಡುವವರೇ ಅಲ್ಲಿ ಇಲ್ಲವಲ್ಲ. ಇಂಥ ಎಷ್ಟೋ ಪ್ರೋಗ್ರಾಮುಗಳು ಬಳಸುವ ಜಿಪಿಎಲ್ ಲೈಸೆನ್ಸ್ ಅಂತೂ ಖಡಾಖಂಡಿತ: ಪಡೆದವರೆಲ್ಲರಿಗೂ ಅದೇ ಸ್ವಾತಂತ್ರ್ಯ ದಾಟಿಸಲು ಆಗದಿದ್ದರೆ ಹಂಚಲೇಬೇಡಿ ಅನ್ನುತ್ತದೆ. ಹೀಗಾಗಿ ಎಷ್ಟೇ ಸಣ್ಣ ರಾಯಲ್ಟಿಯೂ ಇಂಥ ಪ್ರೋಗ್ರಾಮಿಗೆ ನಿಷೇಧ ಇದ್ದ ಹಾಗೆ.

## ಆರ್‌ಎಸ್‌ಎ ಪೇಟೆಂಟ್ ಕಥೆ ಏನು?

ಎಂಐಟಿಯ ರಾನ್ ರಿವೆಸ್ಟ್, ಆದಿ ಶಮೀರ್, ಲಿಯೊನಾರ್ಡ್ ಏಡಲ್‌ಮನ್ ಮೂವರೂ ಸೇರಿ 1977ರಲ್ಲಿ ಇದನ್ನು ಮಾಡಿದರು. ಆಗಸ್ಟ್‌ನಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಇದರ ವಿವರಣೆ ಬಂತು. ಪೇಟೆಂಟ್ ಅರ್ಜಿ ಹಾಕಿದ್ದು ಡಿಸೆಂಬರ್ 14ಕ್ಕೆ. ಈ ನಾಲ್ಕು ತಿಂಗಳ ಅಂತರ ಜಗತ್ತನ್ನು ಎರಡು ಭಾಗ ಮಾಡಿತು. ಅಮೆರಿಕದ ಕಾನೂನಿನಲ್ಲಿ ಪ್ರಕಟಿಸಿದ ಮೇಲೂ ಒಂದು ವರ್ಷ ಅರ್ಜಿ ಹಾಕಲು ಅವಕಾಶ ಇತ್ತು. ಬಹುತೇಕ ಬೇರೆ ದೇಶಗಳಲ್ಲಿ ಒಮ್ಮೆ ಪ್ರಕಟವಾಯಿತು ಅಂದರೆ ಮುಗಿಯಿತು, ಪೇಟೆಂಟ್ ಇಲ್ಲ. ಹೀಗೆ ಆರ್‌ಎಸ್‌ಎ ಅಮೆರಿಕದಲ್ಲಿ ಮಾತ್ರ ಒಡೆತನದ್ದಾಯಿತು, ಹೊರಗೆ ಎಲ್ಲರದ್ದಾಗಿ ಉಳಿಯಿತು.

ಪೇಟೆಂಟ್ ಕೈಗೆ ಬಂದದ್ದು 1983ರ ಸೆಪ್ಟೆಂಬರ್ 20ರಂದು. ಎಂಐಟಿ ಅದರ ಹಕ್ಕನ್ನು ಆರ್‌ಎಸ್‌ಎ ಡೇಟಾ ಸೆಕ್ಯುರಿಟಿ ಕಂಪನಿಗೆ ಕೊಟ್ಟಿತು. ಇತ್ತ ಸ್ಟ್ಯಾನ್‌ಫರ್ಡ್‌ನಲ್ಲಿ ಡಿಫಿ, ಹೆಲ್‌ಮನ್, ಮರ್ಕಲ್ ಹೆಸರಿನ, ಇಬ್ಬರು ಸೇರಿ ಗುಟ್ಟಿನ ಕೀಲಿ ಮಾಡಿಕೊಳ್ಳುವ ವಿಧಾನದ ಪೇಟೆಂಟ್ 1980ರಲ್ಲೇ ಬಂದಿತ್ತು. 1990ರಲ್ಲಿ ಈ ಎರಡೂ ಗುಂಪಿನ ಪೇಟೆಂಟ್‌ಗಳು ಪಬ್ಲಿಕ್ ಕೀ ಪಾರ್ಟ್‌ನರ್ಸ್ ಅನ್ನುವ ಒಂದೇ ಸಂಸ್ಥೆಯ ಕೈಗೆ ಬಂದವು. ಸ್ವಲ್ಪ ನಿಂತು ಯೋಚಿಸಿ. ಮೊದಲೇ ಗುಟ್ಟು ಹಂಚಿಕೊಳ್ಳದ ಇಬ್ಬರು ಅಪರಿಚಿತರು ಗುಟ್ಟಾಗಿ ಮಾತಾಡಬಹುದು ಅನ್ನುವ ಯೋಚನೆಗೆ ಆಗ ಇದ್ದ ಮುಖ್ಯ ದಾರಿಗಳೆಲ್ಲ ಒಂದೇ ಬಾಗಿಲಿನಿಂದ ಹೋಗಬೇಕಿತ್ತು.

ಡಿಫಿ-ಹೆಲ್‌ಮನ್ ಪೇಟೆಂಟ್ 1997ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆರ್‌ಎಸ್‌ಎ ಮುಗಿಯಬೇಕಾದದ್ದು 2000ದ ಸೆಪ್ಟೆಂಬರ್ 20ಕ್ಕೆ. ಕಂಪನಿ ಎರಡು ವಾರ ಮೊದಲು, 6ನೇ ತಾರೀಖಿಗೆ, ತಾನಾಗಿಯೇ ಬಿಟ್ಟುಕೊಟ್ಟಿತು.

## ಪಿಜಿಪಿಗೆ ಇದರಿಂದ ಏನಾಯಿತು?

1991ರಲ್ಲಿ ಫಿಲ್ ಜಿಮ್ಮರ್‌ಮನ್ ಪಿಜಿಪಿ ಅನ್ನುವ ಎನ್‌ಕ್ರಿಪ್ಷನ್ ಪ್ರೋಗ್ರಾಮ್ ಬರೆದು ಪುಕ್ಕಟೆ ಹಂಚಿದರು. ಮಾಮೂಲಿ ಕಂಪ್ಯೂಟರ್ ಇರುವ ಯಾರು ಬೇಕಾದರೂ ತಮ್ಮ ಇಮೇಲ್‌ಗೆ ಗಟ್ಟಿ ಬೀಗ ಹಾಕಬಹುದಾಯಿತು. ಅದರ ಒಳಗೆ ಇದ್ದದ್ದು ಆರ್‌ಎಸ್‌ಎ. ಲೈಸೆನ್ಸ್ ಇರಲಿಲ್ಲ. ಪೇಟೆಂಟ್ ಒಡೆಯರು ಆಕ್ಷೇಪಿಸಿದರು. 1993ರಲ್ಲಿ ಇನ್ನೊಂದು ಕಡೆಯಿಂದ ಅಮೆರಿಕ ಸರಕಾರ, ಅನುಮತಿ ಇಲ್ಲದೆ ಎನ್‌ಕ್ರಿಪ್ಷನ್ ರಫ್ತು ಮಾಡಿದ್ದೀರಿ ಅಂತ ಕ್ರಿಮಿನಲ್ ತನಿಖೆ ಶುರು ಮಾಡಿತು. ಅದು ಕೈಬಿಟ್ಟದ್ದು 1996ರಲ್ಲಿ.

ರಫ್ತಿನ ಕಥೆ ಎಲ್ಲರಿಗೂ ನೆನಪಿದೆ, ಪೇಟೆಂಟ್ ಕಥೆ ಮರೆತಿದೆ. ನನ್ನ ಪ್ರಕಾರ ಎರಡನೆಯದೇ ಜನರನ್ನು ಜಾಸ್ತಿ ದಿನ ಕಾಡಿತು. 1994ರಲ್ಲಿ ಎಂಐಟಿ ಪಿಜಿಪಿ 2.6 ಬಿಡುಗಡೆ ಮಾಡಿತು. ಅದರಲ್ಲಿ ಆರ್‌ಎಸ್‌ಎ ಲೆಕ್ಕಕ್ಕೆ ಕಂಪನಿಯೇ ಕೊಟ್ಟ ಆರ್‌ಎಸ್‌ಎರೆಫ್ ಅನ್ನುವ ಲೈಬ್ರರಿ (ಬೇರೆ ಪ್ರೋಗ್ರಾಮಿಗೆ ಸೇರಿಸಿಕೊಳ್ಳುವ ಸಿದ್ಧ ಕೋಡ್) ಇತ್ತು, ವಾಣಿಜ್ಯ ಬಳಕೆ ಇಲ್ಲದಿದ್ದರೆ ಉಚಿತ. ಒಂದು ಷರತ್ತೂ ಜೊತೆಗೆ ಬಂತು: ಆ ವರ್ಷದ ಸೆಪ್ಟೆಂಬರ್ 1 ಆದ ಮೇಲೆ 2.6 ಮಾಡುವ ಸಂದೇಶಗಳನ್ನು ಹಳೆಯ ಪಿಜಿಪಿ ಓದಲಾರದು. ತಾಂತ್ರಿಕವಾಗಿ ಇದಕ್ಕೆ ಯಾವ ಕಾರಣವೂ ಇರಲಿಲ್ಲ. ಲೈಸೆನ್ಸ್ ಇಲ್ಲದ ಪ್ರತಿಗಳನ್ನು ಜನ ಬಿಡಲಿ ಅಂತ ಬೇಕೆಂದೇ ಹಾಗೆ ಮಾಡಿದ್ದು. ಹಳೆಯದನ್ನು ಇಟ್ಟುಕೊಂಡವರು ಸ್ನೇಹಿತರ ಕಾಗದ ಬಂದರೂ ತೆರೆಯಲಾರದೆ ಕೂತರು. ಅಮೆರಿಕದ ಹೊರಗಿನವರಿಗೆ ಅಂತಲೇ ಬೇರೆ ಆವೃತ್ತಿ ಹುಟ್ಟಿಕೊಂಡಿತು. ದುಡ್ಡು ಕೊಟ್ಟು ಬಳಸುವವರಿಗೆ ವಯಾಕ್ರಿಪ್ಟ್ ಅನ್ನುವ ಕಂಪನಿ ಮಾರುತ್ತಿದ್ದದ್ದು ಇನ್ನೊಂದು. ಹೊಸದಾಗಿ ಬರುವವರು ಮೊದಲು ಕೇಳಬೇಕಾದ ಪ್ರಶ್ನೆಯೇ ‘ನಾನು ಯಾವ ಪಿಜಿಪಿ ಇಳಿಸಿಕೊಳ್ಳಬೇಕು?’ ಅಂತ ಆಯಿತು. ಅಲ್ಲೇ ಅರ್ಧ ಜನ ಸುಮ್ನೆ ವಾಪಸ್ ಹೋಗಿರುತ್ತಾರೆ ಅಂತ ನನಗೆ ಅನಿಸುತ್ತದೆ.

## ಪೇಟೆಂಟ್ ಇದ್ದದ್ದು ಅಮೆರಿಕದಲ್ಲಿ ತಾನೇ? ಉಳಿದವರಿಗೆ ಏನು ತೊಂದರೆ?

ಇಂಟರ್‌ನೆಟ್‌ನ ಬಹುಪಾಲು ಕಂಪನಿಗಳು, ಸರ್ವರ್‌ಗಳು ಆಗ ಅಲ್ಲೇ ಇದ್ದವು. ಅಲ್ಲಿ ಹಂಚಲಾಗದ್ದನ್ನು ಮಾನದಂಡಕ್ಕೆ ಸೇರಿಸಲು ಹಿಂದೇಟು ಹಾಕುತ್ತಿದ್ದರು. ಪಿಜಿಪಿ ಥರದ ಪ್ರೋಗ್ರಾಮುಗಳಿಗೆ ಅಂತ ಬಂದ 1998ರ ಓಪನ್‌ಪಿಜಿಪಿ ಮಾನದಂಡದಲ್ಲಿ ಕಡ್ಡಾಯ ಮಾಡಿದ್ದು ಡಿಎಸ್‌ಎ, ಎಲ್ಗಮಲ್, ಟ್ರಿಪಲ್ ಡಿಇಎಸ್ ಅನ್ನುವ ಬೇರೆ ವಿಧಾನಗಳನ್ನು. ಆರ್‌ಎಸ್‌ಎ ಕಡ್ಡಾಯದ ಪಟ್ಟಿಯಲ್ಲಿ ಇರಲಿಲ್ಲ. ಪಿಜಿಪಿಯ ಕೆಲಸವನ್ನೇ ಮಾಡುವ, 1999ರಲ್ಲಿ ಬಂದ ಓಪನ್ ಸೋರ್ಸ್ ಪ್ರೋಗ್ರಾಮ್ ಗ್ನೂಪಿಜಿಯಲ್ಲೂ ಆರ್‌ಎಸ್‌ಎ ಇರಲಿಲ್ಲ, ಮುಂದಿನ ವರ್ಷ ಪೇಟೆಂಟ್ ಬಿಟ್ಟುಕೊಟ್ಟ ತಿಂಗಳೇ ಸೇರಿತು.

ಅಮೆರಿಕದ ಒಳಗಿನವರ ಪಾಡು ಇನ್ನೂ ಕಷ್ಟದ್ದು. ಓಪನ್‌ಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಮ್‌ನ 2.6ನೇ ಆವೃತ್ತಿಯ ಸೀಡಿಯಲ್ಲಿ, ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಸಂಪರ್ಕಿಸುವ ಓಪನ್‌ಎಸ್‌ಎಸ್‌ಎಚ್ ಪ್ರೋಗ್ರಾಮ್ ಇತ್ತು, ಆದರೆ ಆರ್‌ಎಸ್‌ಎ ಭಾಗ ತೆಗೆದಿದ್ದರು. ಇನ್‌ಸ್ಟಾಲ್ ಆದ ಮೇಲೆ ಅದನ್ನು ಬೇರೆಯಾಗಿ ತಂದುಕೊಳ್ಳಬೇಕು. ಅಮೆರಿಕದಲ್ಲಿ ಇರುವವರಿಗೆ ಒಂದು ಪ್ಯಾಕೇಜು, ಉಳಿದವರಿಗೆ ಇನ್ನೊಂದು. ಅಮೆರಿಕದ ಪ್ಯಾಕೇಜಿನಲ್ಲಿ ಇದ್ದದ್ದು ಅದೇ ಆರ್‌ಎಸ್‌ಎರೆಫ್ ಲೈಬ್ರರಿ. 1999ರ ಡಿಸೆಂಬರ್‌ನಲ್ಲಿ ಆ ಲೈಬ್ರರಿಯಲ್ಲಿ ಬಫರ್ ಓವರ್‌ಫ್ಲೋ (ಜಾಗಕ್ಕಿಂತ ಹೆಚ್ಚು ಮಾಹಿತಿ ತುಂಬಿದರೆ ಮೆಮೊರಿ ಕೆಡುವ) ದೋಷ ಪತ್ತೆಯಾಯಿತು. ಅದನ್ನು ಸೇರಿಸಿ ಕಟ್ಟಿದ ಎಸ್‌ಎಸ್‌ಎಚ್ ಸರ್ವರ್‌ಗಳಿಗೆ ಹೊರಗಿನಿಂದ ನುಗ್ಗುವ ಅಪಾಯ ಇದೆ ಅಂತ ಎಚ್ಚರಿಕೆ ಹೊರಟಿತು. ಪೇಟೆಂಟ್ ಇಲ್ಲದ ಜಾಗದವರು ಬೇರೆ ಕೋಡ್ ಬಳಸುತ್ತಿದ್ದರು, ಈ ದೋಷ ಅವರನ್ನು ಮುಟ್ಟಲಿಲ್ಲ. ಕಾನೂನು ಪಾಲಿಸಿದವರ ಬೀಗವೇ ಸಡಿಲ ಆಗಿತ್ತು. ಈ ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಬೇಸರ ತರುವ ಘಟನೆ ಇದು.

## ಐಡಿಯಾ ಅನ್ನುವ ಸೈಫರ್ ಬಗ್ಗೆ ಹೇಳುತ್ತಾರಲ್ಲ, ಅದೇನು?

ಸ್ವಿಟ್ಜರ್ಲೆಂಡಿನಲ್ಲಿ ಷುಯೆಜಿಯಾ ಲಾಯ್ ಮತ್ತು ಜೇಮ್ಸ್ ಮ್ಯಾಸಿ ಮಾಡಿದ ಸೈಫರ್, ಅಂದರೆ ಸಂದೇಶವನ್ನು ಮುಚ್ಚುವ ಲೆಕ್ಕದ ವಿಧಾನ. ಪೇಟೆಂಟ್ ಇದ್ದದ್ದು ಆಸ್ಕಾಮ್ ಕಂಪನಿಯ ಹತ್ತಿರ. ವಾಣಿಜ್ಯ ಬಳಕೆ ಇಲ್ಲದಿದ್ದರೆ ಉಚಿತ ಅಂತ ಬಿಟ್ಟಿದ್ದರು. ಹಾಗಾಗಿ ಪಿಜಿಪಿ 2 ಸರಣಿ ಅದನ್ನೇ ಬಳಸಿತು, ಲಕ್ಷಾಂತರ ಫೈಲುಗಳು ಐಡಿಯಾ ಬೀಗದಲ್ಲಿ ಕೂತವು.

‘ವಾಣಿಜ್ಯ ಬಳಕೆ ಇಲ್ಲದಿದ್ದರೆ ಉಚಿತ’ ಅನ್ನುವ ಮಾತು ಕೇಳಲು ಉದಾರ ಅನಿಸುತ್ತದೆ. ಓಪನ್ ಸೋರ್ಸ್‌ಗೆ ಅದು ಸಾಲುವುದಿಲ್ಲ. ಕಚೇರಿಯಲ್ಲಿ ಕೂತು ಬಳಸಬಾರದು ಅನ್ನುವ ಪ್ರೋಗ್ರಾಮ್ ಮುಕ್ತ ಹೇಗಾದೀತು? ಅದಕ್ಕೇ ಗ್ನೂಪಿಜಿ ಐಡಿಯಾವನ್ನು ಒಳಗೆ ಸೇರಿಸಲಿಲ್ಲ. 2005ರ ಸುಮಾರಿಗೆ ಯಾರಾದರೂ ಹತ್ತು ವರ್ಷ ಹಿಂದಿನ ಪಿಜಿಪಿ ಫೈಲನ್ನು ಗ್ನೂಪಿಜಿಯಲ್ಲಿ ತೆರೆಯಲು ಹೋದರೆ, ತೆರೆಯ ಮೇಲೆ ಒಂದೇ ಸಾಲು ಬರುತ್ತಿತ್ತು: ‘ಐಡಿಯಾ ಸೈಫರ್ ಪ್ಲಗಿನ್ ಇಲ್ಲ’. ಫೈಲ್ ಅವರದೇ. ಕೀಲಿ ಅವರ ಹತ್ತಿರವೇ ಇದೆ. ಪಾಸ್‌ಫ್ರೇಸ್ ನೆನಪಿದೆ. ಬಾಗಿಲು ಮಾತ್ರ ತೆರೆಯುವುದಿಲ್ಲ.

ಲಿನಕ್ಸ್ ವಿತರಣೆಗಳು ಓಪನ್‌ಎಸ್‌ಎಸ್‌ಎಲ್ ಅನ್ನುವ ಎನ್‌ಕ್ರಿಪ್ಷನ್ ಲೈಬ್ರರಿಯನ್ನು ಕಂಪೈಲ್ ಮಾಡುವಾಗ ಕೊಡುತ್ತಿದ್ದ ಆಯ್ಕೆಗಳಲ್ಲೂ ಈ ಗುರುತು ಉಳಿದಿದೆ: ‘ನೋ-ಐಡಿಯಾ ನೋ-ಎಂಡಿಸಿ2 ನೋ-ಆರ್‌ಸಿ5’. ಮೂರೂ ಪೇಟೆಂಟ್ ಇದ್ದ ಅಲ್ಗಾರಿದಮ್‌ಗಳು, ಕೋಡ್ ಇದ್ದೂ ಕತ್ತರಿಸಿ ಹಾಕಿದವು. ಎನ್‌ಕ್ರಿಪ್ಷನ್ ತಜ್ಞ ಬ್ರೂಸ್ ಶ್ನಯರ್ 1993ರಲ್ಲಿ ಬ್ಲೋಫಿಶ್ ಅನ್ನುವ ಸೈಫರ್ ಪ್ರಕಟಿಸಿ, ಇದಕ್ಕೆ ಪೇಟೆಂಟ್ ಇಲ್ಲ, ಮುಂದೆಯೂ ಇರುವುದಿಲ್ಲ ಅಂತ ಘೋಷಿಸಿದ್ದು ಇಂಥ ವಾತಾವರಣದಲ್ಲೇ.

## ಡಿಜಿಟಲ್ ಸಹಿಗೂ ಇದೇ ಗತಿಯಾ?

ಹೌದು, ಮತ್ತು ಅಲ್ಲಿ ಒಂದು ವಿಚಿತ್ರ ತಿರುವು ಇದೆ. ಡಿಜಿಟಲ್ ಸಹಿ ಅಂದರೆ ಸಂದೇಶ ಕಳಿಸಿದವರು ಇವರೇ ಅಂತ ಗಣಿತದಿಂದ ತೋರಿಸುವ ಗುರುತು. ಜರ್ಮನಿಯ ಕ್ಲಾಸ್ ಶ್ನೋರ್ 1989ರಲ್ಲಿ ಬಹಳ ಚೊಕ್ಕವಾದ ಸಹಿಯ ವಿಧಾನ ಕೊಟ್ಟರು, ಜೊತೆಗೆ ಪೇಟೆಂಟೂ ಮಾಡಿಸಿದರು. 1991ರಲ್ಲಿ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ ತನ್ನದೇ ಡಿಎಸ್‌ಎ ಮುಂದಿಟ್ಟಿತು, ರಾಯಲ್ಟಿ ಬೇಡ ಅಂತ. ಇದು ನನ್ನ ಪೇಟೆಂಟ್ ಒಳಗೇ ಬರುತ್ತದೆ ಅಂತ ಶ್ನೋರ್ ಹೇಳಿದರು. 1993ರಲ್ಲಿ ನಿಸ್ಟ್, ಡಿಎಸ್‌ಎ ಹಕ್ಕನ್ನು ಪಬ್ಲಿಕ್ ಕೀ ಪಾರ್ಟ್‌ನರ್ಸ್‌ಗೇ ಕೊಟ್ಟು ರಾಜಿ ಆಗೋಣ ಅಂತ ಹೊರಟಾಗ ಜನ ತಿರುಗಿಬಿದ್ದರು. ನಿಸ್ಟ್ ಹಿಂದೆ ಸರಿಯಿತು. 1994ರಲ್ಲಿ ಡಿಎಸ್‌ಎ ರಾಯಲ್ಟಿ ಇಲ್ಲದ ಮಾನದಂಡವಾಯಿತು.

ಶ್ನೋರ್ ಪೇಟೆಂಟ್ ಮುಗಿಯಲು ಸುಮಾರು ಎರಡು ದಶಕ ಬೇಕಾಯಿತು. ಅಷ್ಟರಲ್ಲಿ ಜಗತ್ತೆಲ್ಲ ಡಿಎಸ್‌ಎಯ ದಾರಿ ಹಿಡಿದಾಗಿತ್ತು. ಶ್ನೋರ್ ಸಹಿ ಹೆಚ್ಚು ಸರಳ, ಅದರ ಸುರಕ್ಷತೆಯನ್ನು ಗಣಿತದಿಂದ ತೋರಿಸುವುದೂ ಸುಲಭ. ಅದೇ ಜಾಡಿನ ಎಡ್25519 ಅನ್ನುವ ಸಹಿಯ ವಿಧಾನ ಪ್ರಕಟವಾದದ್ದು 2011ರಲ್ಲಿ. ಬಿಟ್‌ಕಾಯಿನ್‌ಗೆ ಶ್ನೋರ್ ಸಹಿ ಬಂದದ್ದು 2021ರ ನವೆಂಬರ್‌ನಲ್ಲಿ. ವಿಧಾನ ಕಂಡುಹಿಡಿದು 32 ವರ್ಷ ಆದ ಮೇಲೆ.

## ಎಲಿಪ್ಟಿಕ್ ಕರ್ವ್ ಎನ್‌ಕ್ರಿಪ್ಷನ್‌ಗೂ ಪೇಟೆಂಟ್ ಇತ್ತಾ?

ಎಲಿಪ್ಟಿಕ್ ಕರ್ವ್ ಅನ್ನುವ ವಕ್ರರೇಖೆಯ ಮೇಲಿನ ಬಿಂದುಗಳಿಂದ ಲೆಕ್ಕ ಮಾಡುವ ಈ ವಿಧಾನದ ಮೂಲ ಯೋಚನೆಗೆ ಇರಲಿಲ್ಲ. ನೀಲ್ ಕೊಬ್ಲಿಟ್ಜ್ ಮತ್ತು ವಿಕ್ಟರ್ ಮಿಲ್ಲರ್ 1985ರಲ್ಲಿ ಬೇರೆ ಬೇರೆಯಾಗಿ ಅದನ್ನು ಮುಂದಿಟ್ಟರು. ಪೇಟೆಂಟ್ ಇದ್ದದ್ದು ಸುತ್ತಮುತ್ತಲಿನ ತಂತ್ರಗಳಿಗೆ: ಲೆಕ್ಕ ಬೇಗ ಮಾಡುವುದು, ಬಿಂದುವನ್ನು ಚಿಕ್ಕದಾಗಿ ಬರೆಯುವುದು, ಇಂಥವು. ಕೆನಡಾದ ಸರ್ಟಿಕಾಮ್ ಕಂಪನಿ ಇಂಥ ಪೇಟೆಂಟ್‌ಗಳನ್ನು ರಾಶಿ ಹಾಕಿಕೊಂಡಿತ್ತು. 2003ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಅದರಲ್ಲಿ 26 ಪೇಟೆಂಟ್‌ಗಳಿಗೆ 2.5 ಕೋಟಿ ಡಾಲರ್ ಕೊಟ್ಟು ಲೈಸೆನ್ಸ್ ತೆಗೆದುಕೊಂಡಿತು. 2007ರಲ್ಲಿ ಸರ್ಟಿಕಾಮ್ ಸೋನಿ ಮೇಲೆ ಕೇಸ್ ಹಾಕಿತು, ಎರಡು ವರ್ಷದ ನಂತರ ಅದು ತೀರ್ಪಿಲ್ಲದೆ ಮುಗಿಯಿತು.

ಇಲ್ಲಿ ಕೆಲಸ ಮಾಡಿದ್ದು ತೀರ್ಪಿಗಿಂತ ಭಯ. ಎನ್‌ಎಸ್‌ಎಯೇ ದುಡ್ಡು ಕೊಟ್ಟಿದೆ ಅಂದ ಮೇಲೆ ನಾವು ಹೇಗೆ ಪುಕ್ಕಟೆ ಬಳಸುವುದು ಅಂತ ವಕೀಲರು ಕೇಳಿದರು. ಫೆಡೋರಾ ಲಿನಕ್ಸ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಎಲಿಪ್ಟಿಕ್ ಕರ್ವ್ ಭಾಗವನ್ನು ಕಾನೂನಿನ ಕಾರಣಕ್ಕೆ ಕಿತ್ತುಹಾಕಿದ್ದರು. ದಯವಿಟ್ಟು ಸೇರಿಸಿ ಅಂತ 2007ರಲ್ಲಿ ತೆರೆದ ಮನವಿಗೆ ಉತ್ತರ ಸಿಕ್ಕಿದ್ದು 2013ರ ಅಕ್ಟೋಬರ್‌ನಲ್ಲಿ. ಯಾವ ಪೇಟೆಂಟ್‌ನ ಯಾವ ಸಾಲು ಅಡ್ಡ ಬರುತ್ತಿದೆ ಅಂತ ಆ ಆರು ವರ್ಷ ಹೊರಗಿನವರಿಗೆ ಗೊತ್ತಾಗಲೇ ಇಲ್ಲ.

ಇದಕ್ಕೆ ಎರಡು ಒಳ್ಳೆಯ ಉತ್ತರ ಬಂದವು. 2011ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 6090 ಅನ್ನುವ ಇಂಟರ್‌ನೆಟ್ ತಾಂತ್ರಿಕ ದಾಖಲೆ, 1994ರ ಹೊತ್ತಿಗೇ ಪ್ರಕಟವಾಗಿದ್ದ ವಿಷಯಗಳನ್ನಷ್ಟೇ ಬಳಸಿ ಎಲಿಪ್ಟಿಕ್ ಕರ್ವ್‌ನ ಮೂಲ ವಿಧಾನಗಳನ್ನು ವಿವರಿಸಿತು. ಅಷ್ಟು ಹಳೆಯದಕ್ಕೆ ಯಾರು ಹಕ್ಕು ಹೇಳಿಯಾರು? ಇನ್ನೊಂದು, ಡ್ಯಾನ್ ಬರ್ನ್‌ಸ್ಟೀನ್ ಅವರ ಕರ್ವ್25519 ಅನ್ನುವ ಹೊಸ ಎಲಿಪ್ಟಿಕ್ ಕರ್ವ್. ಪೇಟೆಂಟ್ ಗೊಡವೆ ಬಾರದ ಹಾಗೆ ನೋಡಿಕೊಂಡು ಕಟ್ಟಿದ್ದು, ವೇಗವಾಗಿಯೂ ಇತ್ತು. ಇವತ್ತು ಸಿಗ್ನಲ್ ಮೆಸೇಜ್ ಆ್ಯಪ್, ವೈರ್‌ಗಾರ್ಡ್ ವಿಪಿಎನ್, ಓಪನ್‌ಎಸ್‌ಎಸ್‌ಎಚ್ ಎಲ್ಲದರಲ್ಲೂ ಅದು ಇದೆ.

## ಪೇಟೆಂಟ್‌ನಿಂದ ಒಳ್ಳೆಯ ವಿಧಾನವೇ ಮೂಲೆಗೆ ಬಿದ್ದ ಉದಾಹರಣೆ ಇದೆಯಾ?

ಒಸಿಬಿ. 2001ರಲ್ಲಿ ಫಿಲಿಪ್ ರೊಗವೇ ಮುಂದಿಟ್ಟ ವಿಧಾನ. ಸಂದೇಶವನ್ನು ಮುಚ್ಚುವುದು, ದಾರಿಯಲ್ಲಿ ಯಾರೂ ತಿದ್ದಿಲ್ಲ ಅಂತ ಖಾತ್ರಿ ಮಾಡುವುದು, ಎರಡನ್ನೂ ಒಂದೇ ಓಟದಲ್ಲಿ ಮುಗಿಸುತ್ತದೆ. ವೈಫೈ ಸುರಕ್ಷತೆಯ ಹೊಸ ಮಾನದಂಡ ಬರೆಯುತ್ತಿದ್ದವರು ಮೊದಲು ಅದನ್ನೇ ಆರಿಸಿಕೊಂಡಿದ್ದರು. ಪೇಟೆಂಟ್ ಇದೆ ಅಂತ ಗೊತ್ತಾಗಿ ಹಿಂಜರಿದರು. ಅದರ ಜಾಗಕ್ಕೆ ಸಿಸಿಎಂ ಅನ್ನುವುದನ್ನು, ಪೇಟೆಂಟ್ ಇಲ್ಲದ್ದು ಬೇಕು ಅಂತಲೇ ಹೆಣೆದರು. ಅದು ಪ್ರತಿ ತುಂಡಿಗೂ ಸೈಫರ್ ಅನ್ನು ಎರಡು ಸಲ ಓಡಿಸುತ್ತದೆ. 2004ರಲ್ಲಿ ಒಪ್ಪಿಗೆಯಾದ ಮಾನದಂಡದಲ್ಲಿ ಕೂತದ್ದು ಅದೇ. ಅಂದರೆ ಎಷ್ಟೋ ವರ್ಷ ಜಗತ್ತಿನ ವೈಫೈ ಪೆಟ್ಟಿಗೆಗಳೆಲ್ಲ ಒಂದು ಸಲ ಮಾಡಬಹುದಾದ ಕೆಲಸವನ್ನು ಎರಡು ಸಲ ಮಾಡಿದವು.

ರೊಗವೇ ದುರಾಸೆಯ ಮನುಷ್ಯ ಅಲ್ಲ. 2013ರಲ್ಲಿ ಓಪನ್ ಸೋರ್ಸ್‌ಗೆ ಉಚಿತ ಲೈಸೆನ್ಸ್ ಕೊಟ್ಟರು. 2021ರಲ್ಲಿ ಪೇಟೆಂಟ್‌ಗಳನ್ನೇ ಕೈಬಿಟ್ಟರು. 2024ರ ಹೊಸ ಓಪನ್‌ಪಿಜಿಪಿ ಮಾನದಂಡದಲ್ಲಿ ಒಸಿಬಿ ಕಡ್ಡಾಯವಾಗಿ ಇದೆ. ಪೇಟೆಂಟ್ ಮಾಡಿಸಿದವರು ಒಳ್ಳೆಯವರಾಗಿದ್ದರೂ ಕಾಲ ಹೋಯಿತಲ್ಲ ಅನ್ನುವುದಕ್ಕೇ ಈ ಕಥೆ ಹೇಳಿದೆ.

## ಪೇಟೆಂಟ್ ಇಟ್ಟುಕೊಂಡು ಕೇಸ್ ಹಾಕುವುದೇ ಕಸುಬು ಮಾಡಿಕೊಂಡವರೂ ಇದ್ದಾರಂತೆ?

ಇದ್ದಾರೆ. ಟಿಕ್ಯೂಪಿ ಡೆವಲಪ್‌ಮೆಂಟ್ ಅನ್ನುವ ಕಂಪನಿ ಏನನ್ನೂ ತಯಾರಿಸುತ್ತಿರಲಿಲ್ಲ. ಅದರ ಹತ್ತಿರ ಇದ್ದದ್ದು ಮೋಡೆಮ್ ಕಾಲದ ಒಂದು ಪೇಟೆಂಟ್. ವೆಬ್ ಸಂಪರ್ಕವನ್ನು ಮುಚ್ಚುವ ಎಸ್‌ಎಸ್‌ಎಲ್ ಜೊತೆ ಆರ್‌ಸಿ4 ಅನ್ನುವ ಸೈಫರ್ ಬಳಸುವ ವೆಬ್‌ಸೈಟ್‌ಗಳೆಲ್ಲ ಇದರ ಅಡಿಗೆ ಬರುತ್ತವೆ ಅಂತ ನೂರಕ್ಕೂ ಹೆಚ್ಚು ಕಂಪನಿಗಳ ಮೇಲೆ ಬಿತ್ತು. ಕೋರ್ಟಿಗೆ ಅಲೆಯುವ ಖರ್ಚಿಗಿಂತ ರಾಜಿಯೇ ಅಗ್ಗ ಅಂತ ಬಹಳ ಜನ ಕಟ್ಟಿದರು. ನ್ಯೂಎಗ್ ಅನ್ನುವ ಆನ್‌ಲೈನ್ ಅಂಗಡಿ ಕಟ್ಟಲಿಲ್ಲ. 2013ರ ನವೆಂಬರ್‌ನಲ್ಲಿ ಟೆಕ್ಸಸ್‌ನ ಮಾರ್ಷಲ್ ಊರಿನಲ್ಲಿ ವಿಚಾರಣೆ ನಡೆಯಿತು. ಪಬ್ಲಿಕ್ ಕೀ, ಅಂದರೆ ಒಂದು ಕೀಲಿ ಎಲ್ಲರಿಗೂ ಹೇಳಿ ಇನ್ನೊಂದನ್ನು ಗುಟ್ಟಾಗಿ ಇಟ್ಟುಕೊಳ್ಳುವ ಯೋಚನೆಯ ಜನಕರಲ್ಲಿ ಒಬ್ಬರಾದ ವಿಟ್‌ಫೀಲ್ಡ್ ಡಿಫಿ ಸ್ವತಃ ಬಂದು ಸಾಕ್ಷಿ ಹೇಳಿದರು. ಆದರೂ ಜ್ಯೂರಿ ನ್ಯೂಎಗ್ ವಿರುದ್ಧ 23 ಲಕ್ಷ ಡಾಲರ್ ತೀರ್ಪು ಕೊಟ್ಟಿತು. 2015ರಲ್ಲಿ ನ್ಯಾಯಾಧೀಶರು, ಉಲ್ಲಂಘನೆ ಆಗಿಲ್ಲ ಅಂತ ಅದನ್ನು ತಳ್ಳಿಹಾಕಿದರು. ಗೆಲ್ಲುವ ಹೊತ್ತಿಗೆ ಎಷ್ಟು ವರ್ಷ, ಎಷ್ಟು ವಕೀಲರ ಫೀಸು! ಒಬ್ಬರೇ ಕೂತು ಪ್ರೋಗ್ರಾಮ್ ಬರೆಯುವವರು ಮೊದಲ ನೋಟಿಸಿಗೇ ಅಂಗಡಿ ಮುಚ್ಚುತ್ತಾರೆ.

## ಕಂಡುಹಿಡಿದವರಿಗೆ ಏನಾದರೂ ಸಿಗಬೇಕು ಅಲ್ವಾ? ಪೇಟೆಂಟ್ ಇಲ್ಲದಿದ್ದರೆ ಯಾರು ಕಷ್ಟಪಡುತ್ತಾರೆ?

ನ್ಯಾಯವಾದ ಪ್ರಶ್ನೆ. ಇನ್ನೊಂದು ಕಡೆಯ ಮಾತನ್ನೂ ಒಪ್ಪಬೇಕು: ಪೇಟೆಂಟ್ ಬೇಕೆಂದರೆ ವಿಧಾನವನ್ನು ಪೂರ್ತಿ ಬಿಚ್ಚಿ ಬರೆದು ಪ್ರಕಟಿಸಬೇಕು. ಗುಟ್ಟಾಗಿ ಇಡುವುದಕ್ಕಿಂತ ಅದು ವಾಸಿ. ಆರ್‌ಸಿ4 ಅನ್ನು ಗುಟ್ಟಾಗಿಯೇ ಇಟ್ಟಿದ್ದರು, 1994ರಲ್ಲಿ ಯಾರೋ ಹೊರಗೆ ಬಿಟ್ಟ ಮೇಲೆಯೇ ಎಲ್ಲರೂ ಅದನ್ನು ಪರೀಕ್ಷೆ ಮಾಡುವ ಹಾಗಾಯಿತು.

ಆದರೆ ಇವತ್ತು ಜಗತ್ತು ನಿಂತಿರುವುದು ಯಾವುದರ ಮೇಲೆ ನೋಡಿ. ಎಇಎಸ್, ಚಾಚಾ20, ಕರ್ವ್25519, ಜಿಸಿಎಂ ಅನ್ನುವ ವಿಧಾನಗಳು. ಯಾವುದಕ್ಕೂ ರಾಯಲ್ಟಿ ಇಲ್ಲ. ಮಾಡಿದವರಿಗೆ ಸಂಬಳ, ಸಂಶೋಧನೆಗೆ ಹಣ, ಹೆಸರು ಎಲ್ಲ ಬೇರೆ ದಾರಿಯಲ್ಲಿ ಸಿಕ್ಕಿತು. ಈ ಕ್ಷೇತ್ರದಲ್ಲಿ 17, 20 ವರ್ಷ ಅಂದರೆ ಒಂದು ತಲೆಮಾರು. ಮರ್ಕಲ್-ಹೆಲ್‌ಮನ್ ನ್ಯಾಪ್‌ಸ್ಯಾಕ್ ಅನ್ನುವ ವಿಧಾನಕ್ಕೆ 1980ರಲ್ಲಿ ಪೇಟೆಂಟ್ ಬಂತು, 1982ರಲ್ಲಿ ಶಮೀರ್ ಅದನ್ನು ಮುರಿದರು. ಮುರಿದ ಬೀಗದ ಪೇಟೆಂಟ್ ಇನ್ನೂ 15 ವರ್ಷ ಬದುಕಿತ್ತು.

## ಪೇಟೆಂಟ್ ಅರ್ಜಿ ಹಾಕಿದರೆ ಸರಕಾರ ಅದನ್ನು ಮುಚ್ಚಿಡಬಹುದಾ?

ಅಮೆರಿಕದಲ್ಲಿ ಹಾಗೊಂದು ಕಾನೂನು 1951ರಿಂದ ಇದೆ. 1978ರಲ್ಲಿ ವಿಸ್ಕಾನ್ಸಿನ್‌ನ ಪ್ರಾಧ್ಯಾಪಕ ಜಾರ್ಜ್ ಡವೀಡ ಅವರ ಸೈಫರ್ ಉಪಕರಣದ ಅರ್ಜಿಗೆ ಗೋಪ್ಯತೆಯ ಆದೇಶ ಬಂತು. ಗದ್ದಲ ಎದ್ದ ಮೇಲೆ ಹಿಂತೆಗೆದುಕೊಂಡರು.

## ಈಗ ಕಾನೂನು ಏನು ಹೇಳುತ್ತದೆ?

ದೇಶಕ್ಕೊಂದು ಥರ. ಅಮೆರಿಕದಲ್ಲಿ ಸುಪ್ರೀಂ ಕೋರ್ಟಿನ 2014ರ ಆಲಿಸ್ ತೀರ್ಪಿನ ನಂತರ, ಅಮೂರ್ತ ಯೋಚನೆಯನ್ನು ಕಂಪ್ಯೂಟರಿನಲ್ಲಿ ಮಾಡಿದೆ ಅಂದ ಮಾತ್ರಕ್ಕೆ ಪೇಟೆಂಟ್ ಸಿಗುವುದಿಲ್ಲ. ಎಷ್ಟೋ ಸಾಫ್ಟ್‌ವೇರ್ ಪೇಟೆಂಟ್‌ಗಳು ಇದರಿಂದ ಬಿದ್ದವು. ಹಾಗಂತ ಎಲ್ಲ ಬೀಳಲಿಲ್ಲ. ಯುರೋಪಿನ ಪೇಟೆಂಟ್ ಒಪ್ಪಂದ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ‘ಅಷ್ಟಕ್ಕೇ’ ಆವಿಷ್ಕಾರ ಅಂತ ಒಪ್ಪುವುದಿಲ್ಲ. ಅದನ್ನು ಸಡಿಲಿಸುತ್ತದೆ ಅಂತ ಜನ ಹೆದರಿದ್ದ ನಿರ್ದೇಶನವನ್ನು 2005ರ ಜುಲೈ 6ರಂದು ಯುರೋಪಿಯನ್ ಸಂಸತ್ತು 648ಕ್ಕೆ 14 ಮತಗಳಿಂದ ತಿರಸ್ಕರಿಸಿತು. ಭಾರತದ ಪೇಟೆಂಟ್ ಕಾಯ್ದೆಯ 3(ಕೆ) ಕಲಮು ಗಣಿತದ ವಿಧಾನ, ಅಲ್ಗಾರಿದಮ್, ಬರೀ ಪ್ರೋಗ್ರಾಮ್ ಇವುಗಳನ್ನು ಹೊರಗಿಡುತ್ತದೆ. ಎಲ್ಲ ಕಡೆಯೂ ಜಗಳ ನಡೆಯುವುದು ಆ ‘ಬರೀ’, ‘ಅಷ್ಟಕ್ಕೇ’ ಅನ್ನುವ ಪದಗಳ ಮೇಲೆ. ಯಂತ್ರದ ಅಂಗಿ ತೊಡಿಸುವ ಹಳೆಯ ಉಪಾಯಕ್ಕೆ ಇವತ್ತಿಗೂ ಅವಕಾಶ ಸಿಗುವುದು ಅಲ್ಲೇ.

## ಹಾಗಿದ್ದರೆ ಮುಂದಿನ ಎನ್‌ಕ್ರಿಪ್ಷನ್‌ಗಳಿಗೂ ಈ ಕಾಟ ತಪ್ಪಿದ್ದಲ್ಲವಾ?

ಪಾಠ ಸ್ವಲ್ಪ ಕಲಿತಿದ್ದಾರೆ. 1997ರಲ್ಲಿ ಎಇಎಸ್ ಅನ್ನುವ ಹೊಸ ಮಾನದಂಡ ಸೈಫರ್‌ಗಾಗಿ ಸ್ಪರ್ಧೆ ಕರೆದಾಗ ನಿಸ್ಟ್ ಮೊದಲೇ ಷರತ್ತು ಹಾಕಿತು: ಗೆದ್ದ ಸೈಫರ್ ಜಗತ್ತಿನಾದ್ಯಂತ ರಾಯಲ್ಟಿ ಇಲ್ಲದೆ ಸಿಗಬೇಕು. 15 ಸೈಫರ್‌ಗಳು ಮೊದಲ ಸುತ್ತಿಗೆ ಬಂದವು. ಬೆಲ್ಜಿಯಂನ ಇಬ್ಬರು ಮಾಡಿದ ರೈನ್‌ಡಾಲ್ ಗೆದ್ದಿತು.

ಕ್ವಾಂಟಮ್ ಕಂಪ್ಯೂಟರ್‌ಗಳಿಗೆ ಜಗ್ಗದ ಬೀಗಗಳ ಸ್ಪರ್ಧೆಯಲ್ಲಿ ಮಾತ್ರ ಹಳೆಯ ನೆರಳು ಮತ್ತೆ ಬಿತ್ತು. 2022ರ ಜುಲೈನಲ್ಲಿ ಕೈಬರ್ ಅನ್ನುವ ವಿಧಾನ ಗೆದ್ದಿತು. ಮಾಡಿದವರು ಪೇಟೆಂಟ್ ಕೇಳಿರಲಿಲ್ಲ. ಆದರೆ ಹತ್ತಿರದ ವಿಧಾನಗಳ ಮೇಲೆ ಬೇರೆಯವರ ಪೇಟೆಂಟ್‌ಗಳಿದ್ದವು. ಅವರ ಜೊತೆ ಒಪ್ಪಂದ ಆಗದಿದ್ದರೆ ಎನ್‌ಟಿಆರ್‌ಯು ಅನ್ನುವ ಇನ್ನೊಂದು ವಿಧಾನದ ಕಡೆ ಹೋಗಬೇಕಾದೀತು ಅಂತ ನಿಸ್ಟ್ ಬಹಿರಂಗವಾಗಿಯೇ ಹೇಳಿತು. ಆ ಎನ್‌ಟಿಆರ್‌ಯುಗೂ ಒಂದು ಕಾಲದಲ್ಲಿ ಪೇಟೆಂಟ್ ಇತ್ತು, 2017ರಲ್ಲಿ ಅದು ಮುಕ್ತವಾಗಿತ್ತು. ಕೊನೆಗೆ ನಿಸ್ಟ್ ಲೈಸೆನ್ಸ್ ಒಪ್ಪಂದ ಮಾಡಿಕೊಂಡಿತು. 2024ರ ಆಗಸ್ಟ್ 13ರಂದು ಕೈಬರ್ ಮಾನದಂಡವಾಗಿ ಹೊರಬಂತು. ಆ ಲೈಸೆನ್ಸ್ ಇರುವುದು ಮಾನದಂಡದಲ್ಲಿ ಬರೆದ ರೂಪಕ್ಕೆ. ಅದನ್ನು ತಿದ್ದಿ ಬೇರೆ ಏನೋ ಮಾಡಿ ಹಂಚುವವರು ಎಚ್ಚರವಾಗಿ ಇರಬೇಕು.

## ನಾನು ಪ್ರೋಗ್ರಾಮ್ ಬರೆಯುತ್ತೇನೆ. ಏನು ನೋಡಿಕೊಳ್ಳಬೇಕು?

ನಾನು ವಕೀಲ ಅಲ್ಲ. ಬಳಕೆಯಲ್ಲಿ ಇರುವ ರೂಢಿ ಹೇಳುತ್ತೇನೆ. ಹೊಸದಾಗಿ ಹೆಣೆಯಲು ಹೋಗಬೇಡಿ, ಎಲ್ಲರೂ ಬಳಸುವ ಲೈಬ್ರರಿ ಹಿಡಿಯಿರಿ. ಮಾನದಂಡ ಆಯ್ಕೆ ಮಾಡುವಾಗ ಪೇಟೆಂಟ್ ಬಗ್ಗೆ ಯಾರಾದರೂ ಹೇಳಿಕೆ ಕೊಟ್ಟಿದ್ದಾರಾ ನೋಡಿ, ಇಂಟರ್‌ನೆಟ್ ಮಾನದಂಡ ಬರೆಯುವ ಸಂಸ್ಥೆ ಐಇಟಿಎಫ್ ಅಂಥ ಹೇಳಿಕೆಗಳನ್ನು ಎಲ್ಲರಿಗೂ ಕಾಣುವ ಹಾಗೆ ಇಡುತ್ತದೆ. ನಿಮ್ಮ ಕೋಡನ್ನು ಹಂಚುವಾಗ ಪೇಟೆಂಟ್ ಬಗ್ಗೆ ಸ್ಪಷ್ಟವಾಗಿ ಮಾತಾಡುವ ಲೈಸೆನ್ಸ್ ಆರಿಸಿಕೊಳ್ಳಿ. ಅಪಾಚೆ 2.0 ಮತ್ತು ಜಿಪಿಎಲ್ 3 ಎರಡರಲ್ಲೂ, ಕೋಡ್ ಕೊಟ್ಟವರು ನಾಳೆ ಅದೇ ಕೋಡಿಗೆ ಪೇಟೆಂಟ್ ಕೇಸ್ ಹಾಕದ ಹಾಗೆ ಕಟ್ಟಿಹಾಕುವ ಸಾಲುಗಳಿವೆ. ಬಿಎಸ್‌ಡಿ, ಎಂಐಟಿ ಲೈಸೆನ್ಸ್‌ಗಳಲ್ಲಿ ಪೇಟೆಂಟ್ ಅನ್ನುವ ಪದವೇ ಬರುವುದಿಲ್ಲ.

ನಿಮಗೆ ಹೊಸ ವಿಧಾನ ಹೊಳೆದಿದ್ದು, ಅದು ಎಲ್ಲರಿಗೂ ಸಿಗಲಿ ಅನ್ನುವ ಮನಸ್ಸಿದ್ದರೆ ಬೇಗ ಪ್ರಕಟಿಸಿ, ದಿನಾಂಕ ಕಾಣುವ ಹಾಗೆ. ಮುಂದೆ ಬೇರೆಯವರು ಹಕ್ಕು ಹೇಳಿದರೆ ಅದೇ ನಿಮ್ಮ ಪುರಾವೆ. ಸಿಗ್ನಲ್‌ನವರು ಮೆಸೇಜಿನಿಂದ ಮೆಸೇಜಿಗೆ ಕೀಲಿ ಬದಲಿಸುವ ಡಬಲ್ ರ್‍ಯಾಚೆಟ್ ವಿಧಾನದ ವಿವರಣೆಯನ್ನು ಸಾರ್ವಜನಿಕರಿಗೇ ಬಿಟ್ಟುಕೊಟ್ಟರು. ಅದಕ್ಕೇ ಅದು ಅಷ್ಟು ಆ್ಯಪ್‌ಗಳಿಗೆ ಹರಡಿತು ಅಂತ ನಾನು ನಂಬುತ್ತೇನೆ.

## ಪೇಟೆಂಟ್‌ಗಳನ್ನು ಓದಿಕೊಂಡು ಬರೆದರೆ ಆಗುವುದಿಲ್ಲವಾ?

ಅಮೆರಿಕದಲ್ಲಿ ಗೊತ್ತಿದ್ದೂ ಉಲ್ಲಂಘಿಸಿದರೆ ಪರಿಹಾರ ಮೂರು ಪಟ್ಟಿನವರೆಗೆ ಏರಬಹುದು. ಅದಕ್ಕೇ ಎಷ್ಟೋ ಕಂಪನಿಗಳಲ್ಲಿ ಎಂಜಿನಿಯರ್‌ಗಳಿಗೆ ಪೇಟೆಂಟ್ ಓದಲೇಬೇಡಿ ಅನ್ನುತ್ತಾರೆ. ಜ್ಞಾನ ಹರಡಲಿ ಅಂತ ಪ್ರಕಟಿಸಿದ್ದನ್ನು ಓದಲು ಹೆದರಬೇಕಾದ ಸ್ಥಿತಿ. ಇದು ಬದಲಾಗಲೇಬೇಕು.

## ನನ್ನ ಹತ್ತಿರ 1990ರ ದಶಕದ ಪಿಜಿಪಿ ಫೈಲ್ ಇದೆ. ಈಗಲಾದರೂ ತೆರೆಯಬಹುದಾ?

ತೆರೆಯಬಹುದು. ಐಡಿಯಾ ಪೇಟೆಂಟ್‌ಗಳು 2012ರ ಹೊತ್ತಿಗೆ ಮುಗಿದವು. ಅದೇ ಡಿಸೆಂಬರ್‌ನಲ್ಲಿ ಬಂದ ಗ್ನೂಪಿಜಿ 1.4.13ಕ್ಕೆ ಐಡಿಯಾ ಸೇರಿತು. ಫೈಲ್ ಪಿಜಿಪಿ 2 ಕಾಲದ್ದಾದರೆ 1.4 ಸರಣಿಯನ್ನೇ ಬಳಸಿ. ಹೊಸ ಸರಣಿ ಆ ಕಾಲದ ಹಳೆಯ ಕೀಲಿಗಳನ್ನು ಸುರಕ್ಷತೆಯ ಕಾರಣಕ್ಕೆ ಒಪ್ಪುವುದಿಲ್ಲ. ಗುಟ್ಟಿನ ಕೀಲಿ ಇರುವ ಫೈಲೂ ಪಾಸ್‌ಫ್ರೇಸೂ ಎರಡೂ ಬೇಕು. ತೆರೆದ ಮೇಲೆ ಈಗಿನ ಕೀಲಿಯಿಂದ ಮತ್ತೆ ಬೀಗ ಹಾಕಿ ಇಟ್ಟುಕೊಳ್ಳಿ.